ಪಡಸಾಲೆಯ ಬಿಳಿ ಗೋಡೆ

೩ ಫೆಬ್ರುವರಿ ೧೯೮೩, ಗುರುವಾರ

ಈ ಸಲ ಡೈರಿ ತಡವಾಗಿ ಬಂತು. ಮೊದಲ ಪುಟದಲ್ಲಿ ಹೆಸರು, ವಿಳಾಸ, ಉದ್ಯೋಗ ಎಂದು ಅಚ್ಚು ಹಾಕಿದ್ದಾರೆ. ತುಂಬಿದೆ. ಬಸವಣ್ಣೆವ್ವ. ಶಹಾಪುರ, ಬೆಳಗಾವಿ. ಉದ್ಯೋಗ — ಈ ಮನೆಯ ಯಜಮಾನಿ. ಮ್ಯಾಟ್ರಿಕ್ ಪಾಸು. ಗಂಡ ತೀರಿದ ಮೇಲೆ ನೂಲಿನ ಅಂಗಡಿ, ಖಾನಾಪುರದ ಹೊಲ ಎರಡನ್ನೂ ನಡೆಸಿದವಳು. ಈ ಓಣಿಯಲ್ಲಿ ನನ್ನನ್ನು ಕೇಳದೆ ಒಂದು ನಿಶ್ಚಯ ಆಗುವುದಿಲ್ಲ, ಒಂದು ಜಗಳ ಮುಗಿಯುವುದಿಲ್ಲ. ಅಲ್ಲಿ ಅಷ್ಟು ಜಾಗವಿರಲಿಲ್ಲ. ಅದಕ್ಕೆ ಇಲ್ಲಿ ಬರೆದೆ.

ಎಂದಿನಂತೆ ನಸುಕಿಗೆ ಎದ್ದೆ. ಸ್ನಾನ, ಲಿಂಗಪೂಜೆ. ಸೊಸೆ ಕಾಂತಾ ಹೂವು, ವಿಭೂತಿ ತೆಗೆದಿಟ್ಟಿದ್ದಳು. ಏನಾದರೂ ತಪ್ಪಿದೆಯೋ ಎಂದು ನೋಡಿದೆ. ಇರಲಿಲ್ಲ.

ತಮ್ಮ ದುಂಡಪ್ಪ ಬಂದ. ಹೈಸ್ಕೂಲು ಮಾಸ್ತರಿಕೆ ಅವನ ಹೊಟ್ಟೆಪಾಡು, ಸಿನಿಮಾ ಅವನ ಹುಚ್ಚು. ಅವನ ಫಿಲಂ ಸೊಸೈಟಿಯವರು ಚಿತ್ರೋತ್ಸವ ಮಾಡುತ್ತಾರಂತೆ. ಸಂಜೆ ಥೇಟರಿನಲ್ಲಿ ಟಿಕೀಟಿನ ಸಿನಿಮಾ. ಮುಂಜಾನೆ ಸಾರ್ವಜನಿಕರಿಗೆ ಮಾತು, ಚರ್ಚೆ. ಅದಕ್ಕೆ ಗೊತ್ತುಮಾಡಿದ್ದ ಹಾಲ್ ಕೈಕೊಟ್ಟಿದೆ.

“ಅಕ್ಕಾ, ವಾರದ ಮಟ್ಟಿಗೆ ನಿನ್ನ ಪಡಸಾಲಿ ಕೊಡು. ಬರೇ ಮಾತು. ನಡುನಡುವ ಸಣ್ಣ ಸಿನಿಮಾ. ಎಲ್ಲಾ ಪುಕ್ಕಟ.”

“ಪುಕ್ಕಟ ಅಂದ್ರ ಊರಾಗಿನ ಕೆಲಸಿಲ್ಲದವರೆಲ್ಲಾ ಬರತಾರ.”

“ಅವರಿಗಂತನಽ ಮಾಡೂದು.”

ಆಮೇಲೆ ಎರಡನೆಯದನ್ನು ತೆಗೆದ. ಖಾನಾಪುರದ ಸಾಲಿ ಮಾಸ್ತರ ಬಸಲಿಂಗಪ್ಪ ಮತ್ತೆ ಹೇಳಿ ಕಳಿಸಿದ್ದಾನೆ. ಹೆಂಡತಿ ಹೋದವನು. ಕಾಂತಾಳನ್ನು ಉಡಿಕೆ ಮಾಡಿಕೊಳ್ಳುತ್ತಾನಂತೆ.

“ಆಕಿಗಿನ್ನೂ ಮೂವತ್ತು. ವಿಧವಿ ಉಡಿಕಿ ನಮ್ಮವರೊಳಗ ಇಲ್ಲದ್ದೇನಲ್ಲ ಅಕ್ಕಾ.”

“ಈ ಮನ್ಯಾಗಿಲ್ಲ.”

“ಆಕಿನ್ನ ಕೇಳೀಯೇನು? ಅತ್ತಿ ಹೂಂ ಅಂದ್ರ ಹೂಂ ಅಂತಾಳ ಆಕಿ.”

“ಒಂದು ಗಂಟ ನೆಟ್ಟಗ ಹಾಕಾಕ ಬರಲಿಲ್ಲ. ಆಕಿಗೆ ಎರಡನೇ ಗಂಟ್ಯಾಕ?”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಿಲ್ಲಲಿ. ಸುಳ್ಳು ಹೇಳಿಲ್ಲ. ಏಳು ವರ್ಷದ ಹಿಂದೆ ಸಂಕ್ರಮಣದ ಮುನ್ನಾದಿನ ಖಾನಾಪುರದ ಹೊಲದ ಮನೆಯಲ್ಲಿ ನನ್ನ ಮಗ ಗುರುಪುತ್ರಪ್ಪನ ಲಿಂಗಕ್ಕೆ ಹೊಸ ಶಿವದಾರ ಕಟ್ಟಿದವಳು ಅವಳು. ಮರುದಿನ ಅಸೋಗಾದಲ್ಲಿ ಹೊಳೆಯ ಸ್ನಾನಕ್ಕೆ ಹೋದ. ಮೈ ಸಿಕ್ಕಿತು, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಇರಲಿಲ್ಲ. ಗಂಟು ಸಡಿಲಿ ಕರಡಿಗೆ ನೀರಿಗೆ ಬಿದ್ದಿದೆ. ಲಿಂಗ ಕಳೆದುಕೊಂಡು ನಮ್ಮವನು ದಂಡೆಯಲ್ಲಿ ನಿಲ್ಲುತ್ತಾನೆಯೇ? ಹುಡುಕಲು ಇಳಿದ, ಜಾರಿದ. “ಗಂಟು ಸಡಿಲಿತ್ತೇನು?” ಎಂದು ಅವಳನ್ನೇ ಕೇಳಿದ್ದೆ. “ಹೂಂ” ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಪಡಸಾಲೆ ಕೊಟ್ಟೆ. ಕಾಂತಾಳನ್ನು ಕೊಡುವುದಿಲ್ಲ.

೫ ಫೆಬ್ರುವರಿ, ಶನಿವಾರ

ಪರದೆ ಇಲ್ಲವಂತೆ. ಗೋಡೆಗೇ ಸುಣ್ಣ ಬಳಿದರು. ಗುರುಪುತ್ರಪ್ಪನ ಫೋಟೋ ಇಳಿಸಬೇಕಾಯಿತು. ಒರೆಸಿ ನನ್ನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟೆ. ನೆಲದ ಮೇಲಿಂದ ನೋಡುತ್ತಾನೆ. ಎತ್ತಿ ಕುರ್ಚಿಯ ಮೇಲಿಟ್ಟೆ. ಈಗ ಕುಳಿತಂತೆ ಕಾಣುತ್ತಾನೆ... ಅದೂ ಸರಿಹೋಗಲಿಲ್ಲ.

೭ ಫೆಬ್ರುವರಿ, ಸೋಮವಾರ

ನನ್ನ ಬಾಗಿಲಿಗೆ ನನ್ನನ್ನು ಕೇಳದೆ ಬೋರ್ಡು — ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ. ಕಾಲೇಜು ಹುಡುಗರು, ಪೆನ್ಶನ್ ಮಂದಿ, ಪೇಟೆಗೆ ಬಂದ ಇಬ್ಬರು ಹೆಂಗಸರು ಬುಟ್ಟಿ ಸಮೇತ. ಎಲ್ಲರ ಚಪ್ಪಲಿ ಹೊರಗೆ ಬಿಡಿಸಿದೆ. ಭಾಷಣದ ಪ್ರೊಫೆಸರನದೂ. ಕಾಲುಚೀಲ ಹರಿದಿತ್ತು. ವಿಷಯ, ಸಿನಿಮಾದಲ್ಲಿ ಮೌನ. ಬಾಯಿ ಮುಚ್ಚದೆ ಮಾತಾಡಿದ. ಒಬ್ಬ ಮರಾಠಿಯಲ್ಲಿ ಪ್ರಶ್ನೆ ಕೇಳಿದ, ಇವನು ಕನ್ನಡದಲ್ಲಿ ಉತ್ತರ ಕೊಟ್ಟ. ಇಬ್ಬರಿಗೂ ಸಮಾಧಾನವಾಯಿತು.

ಎದುರುಮನೆಯ ಕಾಶವ್ವ ಇಣುಕಿದಳು. “ಚಹಾ ಐತೇನ ಬಸವಣ್ಣೆವ್ವ?”

“ಮಾತು ಪುಕ್ಕಟ. ಚಹಾ ನಿನ್ನ ಮನ್ಯಾಗ.”

“ಹಂಗಾರ ಬರೇ ಮಾತು ತಗೊಂಡು ಏನ ಮಾಡಲಿ,” ಅಂದಳು. ಮುಂದಿನ ಸಾಲಿನಲ್ಲೇ ಕುಳಿತಳು.

೯ ಫೆಬ್ರುವರಿ, ಬುಧವಾರ

ಇವತ್ತು ಗುರುಪುತ್ರಪ್ಪ ಮನೆಗೆ ಬಂದಿದ್ದ.

ಹಾಗೆ ಬರೆಯಬಾರದು. ನೆಟ್ಟಗೆ ಬರೆಯುತ್ತೇನೆ. ನಾಗಲಿಂಗ ಎಂಬ ಕ್ಯಾಮೆರಾದವನು ಬಂದಿದ್ದ. ಕಣಕುಂಬಿ ಕಡೆಯ ಕುರಿ ಕಾಯುವ ಮನೆತನ, ಪುಣೆಯಲ್ಲಿ ಕಲಿತವನು. ಮಲಪ್ರಭೆಯ ಮೇಲೆ ತಾನು ತೆಗೆದ ಸಣ್ಣ ಸಿನಿಮಾ ತೋರಿಸಿದ. ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದರು. ನಾನು ನಡುಮನೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಕಾಡು, ಹೊಳೆ, ಎಮ್ಮೆ. ಆಮೇಲೆ ಅಸೋಗಾ, ಸಂಕ್ರಮಣದ ಜನ, ಎಳ್ಳು-ಅರಿಸಿನ ಹಚ್ಚಿಕೊಂಡ ಹೆಂಗಸರು. ಬಂಡೆಯ ಬಾಜು ಒಬ್ಬ ಧೋತರ ಉಟ್ಟು ಬರಿಮೈಯಲ್ಲಿ ನಿಂತಿದ್ದ. ತಲೆ ಎತ್ತಿದ. ನನ್ನನ್ನು ನೋಡಿದ. ಹೊಳೆಯ ಕಡೆ ನಡೆದ. ಅಷ್ಟೇ. ಮುಂದೆ ಬರೇ ಆಕಾಶ.

ನನ್ನ ಮಗ. ಅವನ ಫೋಟೋ ಇದ್ದ ಗೋಡೆಯ ಮೇಲೆ.

ಯಾರಿಗೂ ಹೇಳಲಿಲ್ಲ. ಕಾಶವ್ವನಿಗೆ ಗುರುತು ಸಿಗಲಿಲ್ಲ, ತೂಕಡಿಸುತ್ತಿದ್ದಳು. ಕಾಂತಾ ಅಡಿಗೆಮನೆಯಲ್ಲಿದ್ದಳು.

ನಮ್ಮಲ್ಲಿ ಸತ್ತವರು ತಿರುಗಿ ಬರುವುದಿಲ್ಲ. ಲಿಂಗದಲ್ಲಿ ಬೆರೆಯುತ್ತಾರೆ. ದೆವ್ವ, ಪೀಡೆ ಎಂದು ಹೆದರುವ ಮನೆತನವಲ್ಲ ನಮ್ಮದು.

ಮಂದಿ ಹೋದ ಮೇಲೆ ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು.

೧೦ ಫೆಬ್ರುವರಿ, ಗುರುವಾರ

ಕ್ಯಾಮೆರಾ ಎಲ್ಲಿಡಬೇಕು ಎಂಬ ಪಾಠ. ಹುಡುಗರಿಗೆ ಅದೇ ತುಣುಕು ಬೇಕಂತೆ. ನಾಗಲಿಂಗ ಮತ್ತೆ ಮತ್ತೆ ಬಿಟ್ಟ. ಮಗ ಮತ್ತೆ ಮತ್ತೆ ಹೊಳೆಗೆ ಹೋದ. ಒಮ್ಮೆ ಹಿಂದುಮುಂದಾಗಿ ಓಡಿಸಿದ. ಹುಡುಗರು ನಕ್ಕರು. ಗುರುಪುತ್ರಪ್ಪ ನೀರಿನ ಕಡೆಯಿಂದ ಬೆನ್ನು ಮುಂದೆ ಮಾಡಿ ನಡೆದು ನನ್ನ ಹತ್ತಿರ ಬಂದ. ಬಂಡೆಯ ಬಳಿ ನಿಂತ. ಅಲ್ಲೇ ನಿಲ್ಲಿಸಬಾರದಿತ್ತೇ... ಪ್ರೊಜೆಕ್ಟರ್ ತಿರುಗಿತು. ಮತ್ತೆ ಹೋದ.

ಮೊದಲೆಲ್ಲ ಮುಖವನ್ನೇ ನೋಡುತ್ತಿದ್ದೆ. ಕೊನೆಯ ಸಲ ಎದೆ ನೋಡಿದೆ.

ಕರಡಿಗೆ ಇರಲಿಲ್ಲ. ದಾರವೂ ಇಲ್ಲ.

ಇನ್ನೂ ನೀರು ಮುಟ್ಟಿರಲಿಲ್ಲ. ಕೂದಲು, ಧೋತರ ಒಣಗಿದ್ದವು. ಮೈಮೇಲಿನ ಲಿಂಗ ಕಳೆದರೆ ಇನ್ನೊಂದು ಕಟ್ಟಿಸಿಕೊಳ್ಳುವ ತನಕ ನಾವು ಗುಟುಕು ನೀರು ಕುಡಿಯುವುದಿಲ್ಲ. ಇವನು ಲಿಂಗವಿಲ್ಲದ ಮೈಯಲ್ಲಿ ಗಾಬರಿಯೂ ಇಲ್ಲದೆ ನಿಂತಿದ್ದಾನೆ, ತೆಗೆದಿಟ್ಟು ಬಂದವನ ಹಾಗೆ.

ಊಟ ಸೇರಲಿಲ್ಲ. ಕಾಂತಾ ಎರಡು ಸಲ ಕೇಳಿದಳು. ತಲೆನೋವು ಎಂದೆ.

೧೧ ಫೆಬ್ರುವರಿ, ಶುಕ್ರವಾರ

ಸಾರ್ವಜನಿಕರ ಪ್ರಶ್ನೆಗಳ ದಿನ. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು ಎಂದು ದುಂಡಪ್ಪ ಸಾರಿದ. ಒಬ್ಬ ಹುಡುಗ ಎದ್ದ. ಹೊಳೆಗೆ ಹೋಗುವವನ ಶಾಟು ಅಲ್ಲಿಗೇ ಯಾಕೆ ಕಟ್ಟಾಗುತ್ತದೆ?

ನಾಗಲಿಂಗ ಹೇಳಿದ. “ಮುಂದಿಂದು ತೋರಸೂವಂಥದ್ದಲ್ಲರಿ. ಅಲ್ಲೊಂದು ಅನಾಹುತ ಆತು. ಕ್ಯಾಮೆರಾ ಬಿಟ್ಟು ನಾವೂ ನೀರಿಗಿಳಿದ್ವಿ. ಆಗ ನಮ್ಮ ಕೈಗೆ ಸಿಗಲಿಲ್ಲ ಆ ಮನಷ್ಯಾ.”

ಎದ್ದು ನಿಂತೆ. ಪಡಸಾಲೆಯ ಮಂದಿಯೆಲ್ಲ ತಿರುಗಿತು. ಈ ಮನೆಯಲ್ಲಿ ನಾನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯ್ದದ್ದು ಕಡಿಮೆ.

“ಜಾರಿ ಬಿದ್ದನೇನು?”

“ಹೋಗಲಿ ಬಿಡ್ರಿ ಅವ್ವಾರ. ಹಳೀ ಮಾತು.”

“ನಾ ಅವನ ತಾಯಿ. ಹೇಳು.”

ದುಂಡಪ್ಪ “ಅಕ್ಕಾ” ಎಂದು ಹತ್ತಿರ ಬಂದ. ಕೈಮಾಡಿ ನಿಲ್ಲಿಸಿದೆ. ನಾಗಲಿಂಗನ ಮುಖ ಸುಣ್ಣದ ಗೋಡೆಯಾಯಿತು. ಕೈ ಮುಗಿದ.

“ಜಾರಲಿಲ್ಲರಿ ಅವ್ವಾರ. ನಡಕೋತ ಹೋದರು. ಮಂದಿ ಕೂಗಿದರು, ಹೊಳ್ಳಿ ನೋಡಲಿಲ್ಲ. ಏನೂ ಹುಡುಕತಿರಲಿಲ್ಲರಿ.”

“ಮುಂದಿನವರು ಕೇಳ್ರಿ” ಎಂದೆ, ಕುಳಿತೆ. ಯಾರೂ ಕೇಳಲಿಲ್ಲ.

ಅದೇ ದಿನ, ದೀಪ ಹಚ್ಚುವ ಹೊತ್ತು

ಕಾಂತಾಳನ್ನು ಕರೆದೆ. ಕದದ ಮರೆಯಿಂದ ಎಲ್ಲ ಕೇಳಿದ್ದಳು. ಬರುವಾಗಲೇ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಬಿಚ್ಚಿ ನನ್ನ ಮುಂದೆ ಇಟ್ಟಳು. ನನ್ನ ಗಂಡನಿಂದ ಮಗನಿಗೆ ಬಂದ ಬೆಳ್ಳಿಯ ಕರಡಿಗೆ. ಶಿವದಾರದ ಗಂಟು ಹಾಗೇ ಇತ್ತು. ಎಳೆದು ನೋಡಿದೆ. ಬಿಗಿ.

“ಎಲ್ಲಿತ್ತು?”

“ನನ್ನ ಟ್ರಂಕಿನ್ಯಾಗರಿ. ಮುಂಜಾನೆ ಹೋಗೂಮುಂದ ನನ್ನ ಕೈಯಾಗ ಕೊಟ್ಟರು. ಸ್ನಾನಕ್ಕ ತಗದಾರ ಅಂತ ತಿಳಕೊಂಡೆ. ಆಮ್ಯಾಲೆ ಸಂಶೇ ಬಂದು ಹಿಂದಿಂದ ಓಡಿದೆ. ಅಷ್ಟರಾಗ...”

“ಯಾಕ?”

“ಹೊಟ್ಟಿ ಬ್ಯಾನಿರಿ ಅತ್ತಿ. ಮಿರಜದ ಡಾಕ್ಟರು ಇದು ಹೋಗೂದಲ್ಲ ಅಂದಿದ್ದರಂತ. ರಾತ್ರಿ ತಲಿದಿಂಬ ಕಚ್ಚಿ ಮಲಗತಿದ್ದರು.”

“ನನಗ್ಯಾಕ ಹೇಳಲಿಲ್ಲ ಅಂವ?”

ಗದರಿದೆ. ಆಗ ಹೇಳಿದಳು.

“ಗಂಡಸರು ಹೊಟ್ಟಿ ಹಿಡಕೊಂಡು ಕುಂದರಬಾರದು ಅಂತ ನೀವು ಅಂದಿದ್ದಿರಂತರಿ.”

ಅಂದಿರಬಹುದು. ನೆನಪಿಲ್ಲ.

“ಗಂಟು ಸಡಿಲಿತ್ತೇನು ಅಂದಾಗ ನೀ ಯಾಕ ಹೂಂ ಅಂದಿ?”

“ಹೊಳ್ಯಾಗ ಏನರೆ ಆದ್ರ ಜಾರಿ ಬಿದ್ದಾನ ಅಂತನಽ ಅವ್ವ ತಿಳೀಲಿ ಅಂತ ನಗಚಾಟಿಗಿ ಅಂದಂಗ ಅಂದಿದ್ದರು. ಕರಡಿಗಿ ಕೊಡೂಮುಂದ ಅಂದ ಮಾತು ನನಗ ಆಮ್ಯಾಲೆ ತಿಳೀತು. ನೀವು ಗಂಟಿನ ಮಾತು ತಗದಿರಿ. ಹೂಂ ಅಂದ್ರ ಅವರು ಕೇಳಿದಂಗ ಆಗತಿತ್ತು. ಅಂದೆ.”

ಅಳಲಿಲ್ಲ ಅವಳು. ನಾನೂ ಅಳಲಿಲ್ಲ. “ಅನ್ನಕ್ಕ ಇಡು” ಎಂದೆ.

೨೪ ಫೆಬ್ರುವರಿ, ಗುರುವಾರ

ಬರೆಯಲು ಕೂತಿರಲಿಲ್ಲ. ಚಿತ್ರೋತ್ಸವ ಮುಗಿದು ಕುರ್ಚಿ, ಬೋರ್ಡು ಎಲ್ಲ ಹೋಯಿತು. ಗೋಡೆಯೊಂದು ಉಳಿಯಿತು. ಫೋಟೋ ಮತ್ತೆ ತೂಗುಹಾಕಲು ಕಾಂತಾ ಮೊಳೆ ತಂದಳು. ಬೇಡ ಎಂದೆ. ಫೋಟೋದಲ್ಲಿರುವವನು ನಗುತ್ತಾನೆ. ಅವನು ಯಾರೋ.

ಹಗಲು ಹನ್ನೊಂದರ ಸುಮಾರು ಪ್ರೊಜೆಕ್ಟರಿನ ಕರಕರ ಕೇಳುತ್ತದೆ. ಎದುರುಮನೆಯ ಹೊಲಿಗೆ ಯಂತ್ರ ಎಂದು ಗೊತ್ತು. ಆದರೂ ಹೋಗಿ ಹೊಸ್ತಿಲಲ್ಲಿ ಕೂರುತ್ತೇನೆ. ಬಿಸಿಲು ಗೋಡೆಗೆ ಬೀಳುತ್ತದೆ. ಅವನು ಬರುತ್ತಾನೆ, ತಲೆ ಎತ್ತುತ್ತಾನೆ. ಗುರುಪುತ್ರ, ಎಲ್ಲಿ ನೋಯುತ್ತದೆ ಎಂದು ಕೇಳಬೇಕೆನ್ನುವಷ್ಟರಲ್ಲಿ ತಿರುಗುತ್ತಾನೆ. ನಾನು ಹೆತ್ತ ಮಗನ ಬೆನ್ನನ್ನು ಇಷ್ಟು ಹೊತ್ತು ಎಂದೂ ನೋಡಿರಲಿಲ್ಲ.

ನಾಗಲಿಂಗ ದುಂಡಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದ. ಅವ್ವಾರು ಹೂಂ ಅಂದರೆ ಆ ತುಣುಕು ಕತ್ತರಿಸಿ ತೆಗೆಯುತ್ತಾನಂತೆ. ಬೇಡ. ಅವನು ನಡೆದದ್ದು ಖರೇ. ಖರೇ ಇದ್ದದ್ದನ್ನು ಮುಚ್ಚಿ ಈ ಮನೆಯಲ್ಲಿ ಒಬ್ಬಳು ಏಳು ವರ್ಷ ಬೈಸಿಕೊಂಡಿದ್ದಾಳೆ. ಅಷ್ಟು ಸಾಕು.

೨೮ ಫೆಬ್ರುವರಿ, ಸೋಮವಾರ. ಖಾನಾಪುರ

ಕಾಂತಾ, ನಾನು, ನಮ್ಮ ಮನೆತನದ ಗುರು ಚನ್ನಬಸಯ್ಯನವರು. ಹೊಲದಲ್ಲಿ ಮಗನನ್ನು ಮಣ್ಣು ಮಾಡಿದ ಜಾಗಕ್ಕೆ ಹೋದೆವು. ಅಂದು ಅವನ ಅಂಗೈಯಲ್ಲಿ ಇಟ್ಟದ್ದು ಅಯ್ಯನವರು ತಂದ ಬೇರೆ ಲಿಂಗ. ಅವನ ಲಿಂಗ ಅವನ ಹತ್ತಿರ ಸೇರಬೇಕಲ್ಲ. ತಲೆಯ ಕಡೆ ಸ್ವಲ್ಪ ಅಗೆಸಿ ಇರಿಸಿದೆವು.

“ಹಿಂಗ ತಾನಾಗಿ ಹೋದವರಿಗೆ ಐಕ್ಯ ಐತೇನ್ರಿ?” ಎಂದು ಕೇಳಿದೆ.

ಚನ್ನಬಸಯ್ಯನವರು ಅಗೆದ ಮಣ್ಣನ್ನು ಕೈಯಿಂದ ಸಮ ಮಾಡಿದರು. “ಶಾಸ್ತ್ರ ಕೇಳಿದರ ಒಂದು ಹೇಳಬೇಕಾಗತೈತಿ. ನೀವು ತಾಯಿ. ಕೇಳಬ್ಯಾಡ್ರಿ.”

ಕೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಬಸಲಿಂಗಪ್ಪ ಸಿಕ್ಕ. ದೂರದಿಂದಲೇ ಟೋಪಿ ತೆಗೆದು ನಿಂತ, ಕಾಂತಾಳ ಕಡೆ ನೋಡಲಿಲ್ಲ. ಕಾಂತಾ ನೋಡಿದಳು. ನಾನು ನೋಡಿದ್ದನ್ನು ಕಂಡು ತಲೆ ತಗ್ಗಿಸಿದಳು.

ಬಸ್ಸಿನಲ್ಲಿ ಕೇಳಿದೆ. “ಆ ಮಾಸ್ತರ ಸಿಟ್ಟಿನವ ಏನು?”

“ನನಗ್ಹ್ಯಾಂಗ ಗೊತ್ತರಿ ಅತ್ತಿ.”

“ತಿಳಕೊಂಡಿರಬೇಕಲ್ಲ, ನೀ.”

ದೇಸೂರು ದಾಟಿದ ಮೇಲೆ ಅಂದಳು. “ಇಲ್ಲಂತರಿ.”

೧೩ ಮಾರ್ಚ್, ರವಿವಾರ

ಆಯಿತು. ಯಾರನ್ನೂ ಕೇಳಲಿಲ್ಲ, ದುಂಡಪ್ಪನಿಗೂ ಹಿಂದಿನ ದಿನವಷ್ಟೇ ಹೇಳಿದೆ. ಉಡಿಕೆ ಕತ್ತಲಲ್ಲಿ ಆಗಬೇಕು, ಮುತ್ತೈದೆಯರ ಕಣ್ಣಿಗೆ ಬೀಳದೆ ಹೆಣ್ಣು ಹಿತ್ತಲ ಬಾಗಿಲಿಂದ ಹೋಗಬೇಕು. ಅದು ಪದ್ಧತಿ. ನಾನು ಹಗಲು ಹತ್ತು ಗಂಟೆಗೆ ಪಡಸಾಲೆಯಲ್ಲಿ ಮಾಡಿಸಿದೆ. ಬೀದಿ ಬಾಗಿಲು ಪೂರ್ತಿ ತೆಗೆಸಿದ್ದೆ. ಕಾಶವ್ವ ಕಟ್ಟೆಯ ಮೇಲೆ ನಿಂತು, “ಇದೂ ಪುಕ್ಕಟ ಏನವಾ?” ಅಂದಳು.

“ಒಳಗ ಬಾ. ಉಂಡು ಹೋಗು. ನೋಡಿದ್ದು ಓಣಿಗೆಲ್ಲಾ ಹೇಳು.”

ಬಂದಳು. ಮುತ್ತೈದೆ ಅವಳು, ಬಂದು ಕಾಂತಾಳ ತಲೆಗೆ ಹೂವು ಮುಡಿಸಿದಳು. ಅದನ್ನು ನಾನು ಹೇಳಿರಲಿಲ್ಲ.

ಕಾಂತಾ ಕಾಲಿಗೆ ಬಿದ್ದಾಗ ಏನೋ ಹೇಳಬೇಕೆಂದಿದ್ದೆ. “ಅಲ್ಲಿ ಯಾರರೆ ಸುಳ್ಳ ಬೈದರ ಹೂಂ ಅನಬ್ಯಾಡ” ಎಂದೆ. ಬಸಲಿಂಗಪ್ಪ ಕೇಳಿಸಿಕೊಂಡ. ಕೇಳಿಸಿಕೊಳ್ಳಲಿ.

ಬೀದಿ ಬಾಗಿಲಿಂದಲೇ ಕಳಿಸಿದೆ. ಟಾಂಗಾ ತಿರುವು ದಾಟುವ ತನಕ ನಿಂತಿದ್ದೆ. ಮಂದಿ ಹೋಯಿತು. ಒಳಗೆ ಬಂದು ಕುಳಿತೆ. ಬಿಸಿಲು ಜಾಸ್ತಿಯಾಗಿತ್ತು. ಕಾಂತಾ, ಕದಾ ಮುಂದ ಮಾಡವಾ ಎಂದೆ. ಅಂದ ಮೇಲೆ ತಿಳಿಯಿತು. ಎದ್ದು ನಾನೇ ಕದ ಮುಚ್ಚಿದೆ.