ಕಾದಿಯಾತುವಿನ ಕೈ ಹಿಡಿದವಳಿಗೆ

ಮಡಂತ್ಯಾರು,
16 ನವೆಂಬರ್ 2018, ಶುಕ್ರವಾರ

ಪ್ರೀತಿಯ ಮೊಮ್ಮಗಳು, ನನ್ನ ಪುಳ್ಳಿ ಮೋಕ್ಷಿತಾ,

ಹೇಗಿದ್ದೀ ಮಗಾ? ನೀನಿರುವ ಆ ಪರದೇಶದ ಸೊಳ್ಳೆ ಕೆಟ್ಟದಂತೆ, ಮಲೇರಿಯದ ಗುಳಿಗೆ ಸರಿಯಾಗಿ ನುಂಗುತ್ತಿದ್ದೀಯಾ? ತಲೆಗೆ ಎಣ್ಣೆ ಹಾಕುತ್ತೀಯಾ, ಅದಕ್ಕೂ ನಿನ್ನ ಜೊತೆಗಿರುವ ಆ ಆರು ದೇಶದ ಡಾಕ್ಟರರ ಒಪ್ಪಿಗೆ ಬೇಕಾ? ಇಲ್ಲಿ ನಿನ್ನ ಅಪ್ಪ ಧನರಾಜನಿಗೆ ಸೊಂಟನೋವು, ನಿನ್ನ ಅಮ್ಮ ಗಟ್ಟಿ. ನಾನೂ ಇದ್ದೇನೆ. ಫೋನಿನಲ್ಲಿ ಬೈದರೆ ನೀನು ನಗುತ್ತೀ, ಆಮೇಲೆ ನೆಟ್‌ವರ್ಕ್ ಇಲ್ಲ ಎನ್ನುತ್ತೀ. ಅದಕ್ಕೇ ಈ ಕಾಗದ. ನಿನ್ನ ಜೊತೆ ಕೆಲಸ ಮಾಡುವ ಡಾಕ್ಟರು ರಜೆ ಮುಗಿಸಿ ಇವತ್ತು ಮಂಗಳೂರಿನಿಂದ ಹೊರಡುತ್ತಾರಂತೆ, ಅವರ ಕೈಗೆ ಕೊಡಲು ನಿನ್ನ ಅಪ್ಪ ಹೋಗುತ್ತಾನೆ. ಮೂರನೇ ಕ್ಲಾಸಿನವಳ ಅಕ್ಷರ, ಅದೂ ಮಸುಕು ಕಣ್ಣಿನದ್ದು. ಸಾಲು ಗುಡ್ಡ ಹತ್ತಿ ಇಳಿದರೆ ಕಷ್ಟಪಟ್ಟು ಓದು.

ದೀಪಾವಳಿಗೆ ಬರುತ್ತೇನೆ ಎಂದವಳು ಬರಲಿಲ್ಲ. ಎರಡನೇ ತಂಡದ ರೋಗಿಗಳು ಬಂದರು, ಬಿಟ್ಟು ಹೊರಡಲು ಆಗುವುದಿಲ್ಲ ಎಂದೆ. ಸರಿ. ನನಗಿರುವುದು ಬಲಗಣ್ಣು ಒಂದೇ, ಅದಕ್ಕೆ ಪೊರೆ ಬಂದು ಎರಡು ವರ್ಷವಾಯಿತು, ನೀನು ಪಕ್ಕದಲ್ಲಿ ಇದ್ದರೆ ಮಾತ್ರ ಕೊಯ್ಯಲು ಬಿಡುತ್ತೇನೆ ಎಂದು ಊರಿಗೆಲ್ಲ ಹೇಳಿ ಕುಳಿತಿದ್ದೇನೆ. ಬೀಡಿ ಕಟ್ಟಲು ಆಗುವುದಿಲ್ಲ, ಎಲೆ ಕತ್ತರಿಸಲು ಹೋದರೆ ಬೆರಳು ಕತ್ತರಿಸಿಕೊಳ್ಳುತ್ತೇನೆ. ಬಂಟ್ವಾಳದಲ್ಲಿ ಪೊರೆ ತೆಗೆಸಿಕೊಂಡು ಬಂದ ಆಚೆಮನೆಯ ನೀಲಾವತಿ ಅಂಗಳದಲ್ಲಿ ನಿಂತು, "ನಿಮ್ಮ ಪುಳ್ಳಿ ಪರದೇಶದವರ ಕಣ್ಣು ತೆರೆಸ್ತಾಳೆ, ನಿಮ್ಮದು ಹಾಗೇ ಉಂಟಲ್ಲ ಸೇಸಮ್ಮಕ್ಕ" ಎಂದಳು. ಅವಳ ನಾಲಿಗೆಗೂ ಪೊರೆ ಬರಬಾರದೇ ಎನಿಸಿತು.

ನಿನ್ನ ಕೆಲಸ ನನಗೆ ಅರ್ಥವಾಗಿಲ್ಲ ಎಂದು ತಿಳಿಯಬೇಡ. ಆ ಎಬೋಲ ಜ್ವರ ಬಂದು ಬದುಕಿದವರ ಕಣ್ಣಿಗೆ ಎಳೆ ಪ್ರಾಯದಲ್ಲೂ ಪೊರೆ ಬರುತ್ತದೆ. ಕೊಯ್ಯಲು ಡಾಕ್ಟರರಿಗೇ ಹೆದರಿಕೆ, ಯಾಕೆಂದರೆ ಮೈಯಿಂದ ಹೋದ ರೋಗಾಣು ಕಣ್ಣಿನೊಳಗೆ ಅಡಗಿರಬಹುದು. ಅದಕ್ಕೆ ಮೊದಲು ಸೂಜಿ ಹಾಕಿ ಕಣ್ಣಿನ ನೀರು ತೆಗೆದು ನೋಡುತ್ತೀರಿ. ರೋಗಾಣು ಇಲ್ಲದವರಿಗೆ ಆಪರೇಶನ್, ಆಮೇಲೆ ತಿಂಗಳುಗಟ್ಟಲೆ ಪರೀಕ್ಷೆ. ಕತ್ತಿ ಹಿಡಿಯುವವಳು ನೀನಲ್ಲ. ಆರು ದೇಶದವರನ್ನು ಒಂದೇ ದಿನಕ್ಕೆ ಒಪ್ಪಿಸುವುದು, ಆ ಕಣ್ಣಿನ ನೀರು ಇಟ್ಟ ಐಸಿನ ಪೆಟ್ಟಿಗೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜಗಳ ಮಾಡಿ ಬಿಡಿಸುವುದು, ಹೆದರಿದವರ ಮನೆಗೆ ಹೋಗಿ ಕೂತು ಧೈರ್ಯ ಹೇಳುವುದು ನಿನ್ನ ಪಾಲಿನ ಕೆಲಸ. ಜಗಳ ಮಾಡುವ ಕಲೆ ನನ್ನಿಂದ ಹೋದದ್ದು, ಅದಕ್ಕೆ ಆ ಆರು ದೇಶದಲ್ಲಿ ಒಬ್ಬರೂ ನನಗೆ ನಮಸ್ಕಾರ ಹೇಳಿ ಕಳಿಸಲಿಲ್ಲ.

ಅದೆಲ್ಲ ಸಹಿಸಿಕೊಂಡೇನು. ಸಹಿಸಲಾಗದ್ದು ನಿಮ್ಮ ಆ ರೋಗಿ ಕಾದಿಯಾತು. ಫೋನ್ ಮಾಡಿದಾಗೆಲ್ಲ ಅವಳದೇ ಪುರಾಣ. ಹೊಗೆಯಲ್ಲಿ ಒಣಗಿಸಿದ ಮೀನು ಮಾರುತ್ತಾಳೆ, ಅವಳಿಗೂ ಉಳಿದದ್ದು ಒಂದೇ ಕಣ್ಣು, ಸೂಜಿ ಹಾಕುವಾಗ ನಿನ್ನ ಕೈ ಬಿಡಲೇ ಇಲ್ಲ, ನೀನು ಅವಳನ್ನು ಅಜ್ಜಿ ಎಂದು ಕರೆಯುತ್ತೀ. ಪಟ್ಟಿ ಬಿಚ್ಚಿದ ಕೂಡಲೇ ನಿನ್ನ ಮುಖ ನೋಡಿ, ಇಷ್ಟು ಸಪೂರ ಇದ್ದೀ, ಮನೆಯವರು ಊಟ ಹಾಕುವುದಿಲ್ಲವೇ ಎಂದು ಕೇಳಿದಳಂತೆ. ಕೇಳಲು ಅವಳು ಯಾರು? ನಿನಗೆ ಬಂಗುಡೆ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ತಿನ್ನಿಸಿದವಳು ನಾನು. ಫೋಟೋ ಬೇರೆ ಕಳಿಸಿದ್ದೀ. ನೀನು ಹೊರಡುವಾಗ ಮೈ ಒರೆಸಲು ನಾನು ಕೊಟ್ಟ ಹೊಸ ಬೈರಾಸು ಅವಳ ತಲೆಗೆ ಸುತ್ತಿದೆ, ನಿನ್ನ ತಲೆ ಅವಳ ಹೆಗಲಲ್ಲಿದೆ. ನಿನ್ನ ಅಮ್ಮ ಫೋಟೋ ದೊಡ್ಡದು ಮಾಡಿ ತೋರಿಸಿದಳು, ತೋರಿಸದಿದ್ದರೆ ಒಳ್ಳೆಯದಿತ್ತು. "ಅವರೂ ನಿಮ್ಮ ಹಾಗೆಯೇ ಅಜ್ಜಿ, ಬೈಯುವುದು ಕೂಡ" ಎಂದು ನೀನು ಹೇಳಿದ್ದಕ್ಕೆ ಆ ದಿನ ನಾನು ಊಟ ಬಿಟ್ಟೆ.

ನನ್ನನ್ನೂ ನಿಮ್ಮ ಸಂಶೋಧನೆಗೆ ಸೇರಿಸು, ನನಗೂ ಸಿಡುಬು ಬಂದು ಹೋಗಿದೆ ಎಂದೆ. ನೀನು ನಕ್ಕು, ಸಿಡುಬು ಈಗ ಲೋಕದಲ್ಲೇ ಇಲ್ಲ ಎಂದೆ. ಲೋಕದಲ್ಲಿ ಇಲ್ಲದಿದ್ದರೆ ನನ್ನ ಮುಖದಲ್ಲಿ ಇರುವುದು ಏನು?

ನನಗಾಗ ಎಂಟು ವರ್ಷ. ಮನೆಯಿಂದ ಆಚೆ ತೆಂಗಿನ ಮಡಲು ಕಟ್ಟಿದ ಗುಡಿಸಲಿನಲ್ಲಿ ಮಲಗಿಸಿದರು. ಹೆತ್ತ ಅಮ್ಮನೇ ಗಂಜಿಯನ್ನು ಬಾಗಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು, ಮನೆಯೊಳಗೆ ನನ್ನ ತಮ್ಮ ತೊಟ್ಟಿಲಲ್ಲಿದ್ದ, ಅವಳದು ತಪ್ಪಲ್ಲ. ಗುಡಿಸಲಿನೊಳಗೆ ಬಂದವರು ನೆರೆಮನೆಯ ಬೀಪಾತುಮ್ಮ ಒಬ್ಬರೇ, ಅವರ ಮುಖದ ತುಂಬ ಹಳೆಯ ಕಲೆ. "ನನಗೆ ಬಂದು ಹೋಗಿ ಆಗಿದೆ ಮಗಳೇ, ಇನ್ನು ಹೆದರಿಕೆ ಯಾಕೆ" ಎಂದು ಪಕ್ಕದಲ್ಲಿ ಕೂತು, ನಾನು ಕಣ್ಣು ತುರಿಸದ ಹಾಗೆ ಎರಡೂ ಕೈ ಹಿಡಿದುಕೊಂಡರು. ಎಡಗಣ್ಣು ಹೋಯಿತು, ಬಲಗಣ್ಣು ಉಳಿಯಿತು. ಶಾಲೆಗೆ ಪುನಃ ಹೋದಾಗ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ, ಸಿಟ್ಟಿನಲ್ಲಿ ಸ್ಲೇಟು ಎಸೆದು ಬಂದವಳು ಮತ್ತೆ ಹೋಗಲಿಲ್ಲ. ನನಗೆ ಡಾಕ್ಟರೂ ಇರಲಿಲ್ಲ, ದೇಶವೂ ಇರಲಿಲ್ಲ. ಕಾದಿಯಾತುವಿಗೆ ಆರು ದೇಶ ಉಂಟು, ಮೇಲಿಂದ ನೀನೂ ಉಂಟು. ಹೊಟ್ಟೆಕಿಚ್ಚು ಎಂದು ನಿನ್ನ ಅಮ್ಮ ಹೇಳುತ್ತಾಳೆ. ಹೌದು, ಹೊಟ್ಟೆಕಿಚ್ಚೇ. ಮಜ್ಜಿಗೆ ಕುಡಿದರೆ ಇಳಿಯುವಂಥದ್ದಲ್ಲ.

ಮೊನ್ನೆ ಮೂಡುಬಿದಿರೆಯ ಕಣ್ಣಿನ ಡಾಕ್ಟರಲ್ಲಿಗೆ ಹೋಗಿದ್ದೆ. ಒಳ್ಳೆಯ ಹುಡುಗ. "ಅಜ್ಜಿ, ಇರುವುದು ಒಂದೇ ಕಣ್ಣು, ನೂರಕ್ಕೆ ನೂರು ಅಂತ ನಾನು ಹೇಳುವುದಿಲ್ಲ. ಬಿಟ್ಟರೆ ಮಾತ್ರ ಪೂರ್ತಿ ಕತ್ತಲೆ" ಎಂದ. ಸುಳ್ಳು ಹೇಳದ್ದಕ್ಕೆ ಅವನ ಮೇಲೆ ಸಿಟ್ಟು ಬಂತು.

ಇಷ್ಟು ಸಾಕು. ಹೊತ್ತಿಗೆ ಸರಿಯಾಗಿ ಉಣ್ಣು, ಆ ಮೀನಿನವಳು ಮತ್ತೆ ನನ್ನ ಮನೆಯ ಊಟಕ್ಕೆ ಹೆಸರಿಡಬಾರದು. ನಮ್ಮ ದೈವಗಳಿಗೆ ಸಮುದ್ರ ದಾಟಿ ಅಭ್ಯಾಸವಿಲ್ಲ, ಆದರೂ ನಿನ್ನ ಬೆನ್ನಿಗೆ ಹೋಗಿ ನಿಲ್ಲಿ ಎಂದು ಹೇಳಿದ್ದೇನೆ.

ನಿನ್ನ ಅಜ್ಜಿ,
ಸೇಸಮ್ಮ

ಮತ್ತೊಂದು: ನಿನ್ನ ಅಪ್ಪ ಬೈಕು ಶುರು ಮಾಡಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ತಿಂಗಳು ಮೂರಕ್ಕೆ, ಸೋಮವಾರ, ನನ್ನ ಕಣ್ಣಿನ ಆಪರೇಶನ್. ದಿನ ನಾನೇ ಹಾಕಿಸಿಕೊಂಡು ಬಂದೆ. ನೀನು ಬರಬೇಡ, ಆ ಎರಡನೇ ತಂಡವನ್ನು ನಡುವೆ ಬಿಟ್ಟು ಬಂದರೆ ಮನೆಗೆ ಸೇರಿಸುವುದಿಲ್ಲ. ಆ ದಿನ ಇಲ್ಲಿಯ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಮಾಡು. ಅಲ್ಲಿ ಆಗ ಸರಿಯಾಗಿ ಬೆಳಕು ಹರಿದಿರುವುದಿಲ್ಲ, ಆದರೆ ಮೀನು ಮಾರುವವಳು ಎದ್ದಿರುತ್ತಾಳೆ. ನೀನು ಮಾತಾಡಬೇಡ, ನೀನು ಅತ್ತರೆ ನನಗೆ ಸಿಟ್ಟು ಬರುತ್ತದೆ. ಫೋನನ್ನು ಕಾದಿಯಾತುವಿಗೆ ಕೊಡು, ಅವಳಿಗೆ ಬಂದು ಹೋಗಿ ಆಗಿದೆ. ಅವಳ ಭಾಷೆ ನನಗೆ ಬಾರದು, ನನ್ನ ತುಳು ಅವಳಿಗೆ ಬಾರದು, ಅಡ್ಡಿಯಿಲ್ಲ. ನನ್ನನ್ನು ಒಳಗೆ ಕರೆಯುವವರೆಗೆ ಅವಳು ಏನಾದರೂ ಹೇಳುತ್ತಾ ಇರಲಿ.