ಹುಳಿ ನೋಡುವ ನಾಲಗೆ

ನಾರಾಯಣಪೇಟೆ
೧೭ ನವೆಂಬರ್ ೨೦೧೯

ಪ್ರೀತಿಯ ಅಪ್ಪನಿಗೆ ಹರಿತಾಳ ನಮಸ್ಕಾರ.

ತಿಂಗಳಾಯಿತು, ನನ್ನಿಂದ ಪತ್ರವೂ ಇಲ್ಲ, ಫೋನೂ ಇಲ್ಲ. ರಾಜೋಳಿಯಲ್ಲಿ ಅವ್ವ ಎಷ್ಟು ಬೈದಿರಬೇಕೆಂದು ಬಲ್ಲೆ. ಮೊದಲು ಮಾತಾಡಲು ನಾಲಗೆಯೇ ಏಳುತ್ತಿರಲಿಲ್ಲ, ಆಮೇಲೆ ನಾಚಿಕೆಗೆ ಸುಮ್ಮನಿದ್ದೆ. ಗಾಬರಿಯಾಗಬೇಡ, ಈಗ ನೆಟ್ಟಗಿದ್ದೇನೆ.

ಜಿಲ್ಲೆಯಾದ ಮೇಲೆ ಇಲ್ಲಿ ತೆರೆದ ನೂಲಿನ ಬಣ್ಣದ ಪ್ರಯೋಗಾಲಯಕ್ಕೆ ನಾನು ವಿಜ್ಞಾನಿಯಾಗಿ ಸೇರಿದಾಗ ನೀನು ಓಣಿಗೆಲ್ಲ ಪೇಢಾ ಹಂಚಿದೆ. ಆ ವಿಜ್ಞಾನಿ ಮಾಡಿದ ಕೆಲಸ ಕೇಳು. ಮೇಜಿನ ಮೇಲೆ ಚೀಟಿ ಅಂಟಿಸದ ಪಾತ್ರೆಯಲ್ಲಿ ಕೆಂಪು ಬಣ್ಣದ ನೀರಿತ್ತು. ಹುಳಿ ಎಷ್ಟಿದೆ ನೋಡೋಣವೆಂದು, ನೀನು ದಿನಾ ಬಣ್ಣದ ಹಂಡೆಯ ಮುಂದೆ ನಿಂತು ನೋಡುವ ಹಾಗೆಯೇ, ಕೈಗವಸು ತೆಗೆದು ಬೆರಳದ್ದಿ ನಾಲಗೆಗೆ ಹಚ್ಚಿದೆ. ಎಂ.ಎಸ್ಸಿ. ಓದಿದ ತಲೆಯ ಮಾತನ್ನು ಕೈ ಕೇಳಲೇ ಇಲ್ಲ. ಆ ನೀರಿಗೆ ಯಾರೋ ಆಸಿಡ್ ಹೆಚ್ಚು ಸುರಿದಿದ್ದರು. ನಾಲಗೆ ಸುಟ್ಟಿತು.

ನಮ್ಮ ಮುಖ್ಯಸ್ಥೆ ವೀರಬಸಮ್ಮ ಮೇಡಂ ಬಾಯಿ ತೊಳೆಸಿ ದವಾಖಾನೆಗೆ ಕರೆದೊಯ್ದರು. ಮರುದಿನ ಪ್ರಯೋಗಾಲಯದ ಬೀಗದಕೈ ಕಸಿದುಕೊಂಡರು. "ನಿನ್ನ ನಾಲಗಿ ಹೆಂಗೋ ಉಳೀತು. ಬಣ್ಣಗಾರರೆಲ್ಲಾ ಈ ಚಟ ಬಿಡೂ ಹಂಗ ಮಾಡು, ಆಮ್ಯಾಲ ಒಳಗ ಬಾ" ಅಂದರು.

ನಿನ್ನೆ ಮಕ್ತಲ್, ಗದ್ವಾಲ್ ಕಡೆಯ ನಲವತ್ತು ಬಣ್ಣಗಾರರನ್ನು ಸೇರಿಸಿದೆ. ನಿನ್ನನ್ನು ಬೇಕೆಂದೇ ಕರೆಯಲಿಲ್ಲ, ಸಿಟ್ಟಾಗಬೇಡ. ಹುಳಿ ತೋರಿಸುವ ಕಾಗದ ಹಿಡಿದು ನಿಂತರೆ ಮಕ್ತಲ್‌ನ ವೀರಯ್ಯ ಕಾಕಾ ಎದ್ದರು. "ನಮ್ಮ ಮುತ್ತ್ಯಾನ ಕಾಲದಿಂದ ನಾಲಗೀನ ನಮಗ ತಕ್ಕಡಿ. ಈ ಕಾಗದ ಏನ್ ಕಲಿಸ್ತೈತವಾ?"

ನಾನು ಮೂರು ಲೋಟ ನಿಂಬೆಹಣ್ಣಿನ ನೀರಿಟ್ಟೆ. "ಕುಡಿಯೋ ನೀರ ಐತ್ರಿ ಕಾಕಾ. ಯಾವುದು ಹೆಚ್ಚು ಹುಳಿ ಹೇಳ್ರಿ."

ಎಲ್ಲಕ್ಕಿಂತ ಹುಳಿಯಾದದ್ದಕ್ಕೆ ನಾನು ಸಕ್ಕರೆ ಬೆರೆಸಿದ್ದೆ. ಕಾಕಾ ಅದರಲ್ಲೇ ಹುಳಿ ಕಡಿಮೆಯೆಂದು ಕಡೆಗಿಟ್ಟರು. ಕಾಗದ ಅದ್ದಿದರೆ ಅದರಲ್ಲೇ ಹೆಚ್ಚು ಕೆಂಪಾಯಿತು. ಸಭೆಯೆಲ್ಲ ನಕ್ಕಿತು. ಕಾಕಾ ಕೂಡ ನಕ್ಕು, "ಸಕ್ರಿ ಹಾಕಿ ಕೆಡವಿದೆಲ್ಲವಾ" ಎನ್ನುತ್ತ ಕಾಗದದ ಒಂದು ಕಟ್ಟನ್ನು ಜೇಬಿಗಿಳಿಸಿದರು. ಹೋಗುವಾಗ ನಲವತ್ತೂ ಜನ ಒಂದೊಂದು ಕಟ್ಟು ಕೇಳಿ ಪಡೆದರು. ಮೇಡಂ ಬೀಗದಕೈ ಹಿಂದಿರುಗಿಸಿ, ಪ್ರಯೋಗಾಲಯದ ಸುರಕ್ಷತೆಯ ಹೊಣೆಯನ್ನೂ ನನಗೇ ವಹಿಸಿದರು. ಕಳ್ಳನ ಕೈಗೇ ಕೀಲಿಕೈ ಕೊಟ್ಟ ಹಾಗಾಯಿತು. ಗೆದ್ದೆ ಅಪ್ಪ, ಕುಣಿಯುವಷ್ಟು ಸಂತೋಷವಾಗಿದೆ.

ನಿನಗೂ ಒಂದು ಕಟ್ಟು ಕಳಿಸಿದ್ದೇನೆ. ಅವ್ವನಿಗೆ ನಮಸ್ಕಾರ ಹೇಳು. ನಿಮ್ಮಿಬ್ಬರ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು
ಹರಿತಾ

ತಾ.ಕ.: ನಾಲಗೆ ಸುಟ್ಟ ಮೇಲೆ ಹತ್ತು ದಿನ ನನಗೆ ಉಪ್ಪು, ಖಾರ ಯಾವುದೂ ತಿಳಿಯಲಿಲ್ಲ. ಸಾರು ಹೇಗಿದೆ ಎಂದವರಿಗೆ "ಚಲೋ ಐತಿ" ಅಂದೆ, ಕೂಡಲೇ ನೀನು ನೆನಪಾದೆ. ಹೋದ ಯುಗಾದಿಗೆ ಅವ್ವ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ನೀನು ಎರಡು ಸಲ ಬಡಿಸಿಕೊಂಡು "ಚಲೋ ಆಗೈತಿ" ಅಂದಿದ್ದೆ. ಅವ್ವನ ಮನಸ್ಸು ನೋಯಬಾರದೆಂದು ನೀನು ಹಾಗೆ ಹೇಳಿದೆ ಎಂದು ನಾನು ಅಂದುಕೊಂಡಿದ್ದೆ. ನನ್ನ ರುಚಿ ಮರಳಿ ಬಂತು. ನಿನ್ನದು ಹೋಗಿ ಎಷ್ಟು ವರ್ಷವಾಯಿತಪ್ಪ? ಆ ಲೋಟ ನಲವತ್ತು ಜನರೆದುರು ನಿನ್ನ ಕೈಗೆ ಬರಬಾರದೆಂದೇ ನಿನ್ನನ್ನು ಕರೆಯಲಿಲ್ಲ.