ಬಿಗಿಪೆಟ್ಟಿಗೆಗೆ ಹಚ್ಚಿದ ಕುಂಕುಮ

ಹುಬ್ಬಳ್ಳಿ,
ಆಯುಧಪೂಜೆಯ ಮರುದಿನ, ಕ್ರಿ.ಶ. 2103

ಮುಕ್ಕಾಲು ಶತಮಾನ ಹಿಂದಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ಒರಟಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಬಿಚ್ಚುಗರ ಸಂಘದ ಕರಪತ್ರಗಳಿಂದ. ತನ್ನ ಮನೆಯ ಯಂತ್ರವನ್ನು ತಾನೇ ಬಿಚ್ಚಿ ನೋಡುವ ಹಕ್ಕು ಎಲ್ಲರಿಗೂ ಬೇಕು ಎನ್ನುವವರು ಬಿಚ್ಚುಗರು. ನನ್ನ ಹೆಸರು ಮುಗಿಲಾ, ವಯಸ್ಸು ಹತ್ತೊಂಬತ್ತು.

ನಮ್ಮ ಮನೆಗಳಲ್ಲಿ ಆಟಕ್ಕೆ ಇರುವುದು ಬಿಗಿಪೆಟ್ಟಿಗೆ ಒಂದೇ. ನೀವು ಕನ್ಸೋಲ್ ಎನ್ನುತ್ತೀರಲ್ಲ, ಅದರ ಮರಿಮಗಳು. ಸುತ್ತಲೂ ಒಂದೇ ಎರಕ, ತಿರುಪಿಲ್ಲ, ಸಂದಿಲ್ಲ. ಆಡಬೇಕಾದರೆ ಮೊದಲು ಕಂಪನಿಯಿಂದ ‘ಅಸ್ತು’ ಬರಬೇಕು, ಅಂದರೆ ಆ ದಿನದ ಅಪ್ಪಣೆ. ಕಂಪನಿಗೆ ಬೇಡವಾದ ಆಟಕ್ಕೆ ಅಸ್ತು ನಿಂತುಹೋಗುತ್ತದೆ. ನಿನ್ನೆಯ ಆಟ ಎಲ್ಲಿ ಎಂದು ಮಕ್ಕಳು ಅತ್ತರೆ ತಾಯಂದಿರು ಬೇರೊಂದನ್ನು ತೋರಿಸಿ ಸಮಾಧಾನ ಮಾಡುತ್ತಾರೆ. ನಿಮ್ಮ ಪಿಸಿ ನಿಧಾನವಾದರೆ ಒಳಗಿನ ಒಂದು ಕಾರ್ಡ್ ಬದಲಿಸಿದರೆ ಸಾಕಿತ್ತಂತೆ. ಅಪ್ಪ ಆಡಿದ ಆಟವನ್ನು ಮಗಳೂ ಆಡಬಹುದಿತ್ತಂತೆ. ಆಡಿ ಮುಗಿದ ಮೇಲೆ ಅದೇ ಕೀಬೋರ್ಡಿನಲ್ಲಿ ಆಟವನ್ನೇ ತಿದ್ದಬಹುದಿತ್ತಂತೆ. ಇದನ್ನು ಓದಿದ ದಿನ ನನ್ನ ಹೊಟ್ಟೆ ಉರಿಯಿತು. ಇಷ್ಟೆಲ್ಲ ಕೈಯಲ್ಲಿದ್ದೂ ನೀವು ಬಿಟ್ಟುಕೊಟ್ಟಿರಿ. ಸ್ವಿಚ್ ಹಾಕಿದ ಕೂಡಲೇ ಆಡಬಹುದು ಎಂಬ ಸುಖಕ್ಕಾಗಿ. ಆ ಸುಖ ಸುಳ್ಳಲ್ಲ, ದಣಿದು ಬಂದವರಿಗೆ ಅದು ಬೇಕು. ಆದರೆ ಅದಕ್ಕೆ ನೀವು ತೆತ್ತದ್ದು ನಮ್ಮ ಪಾಲನ್ನು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಆಯುಧಪೂಜೆಯ ದಿನ ಬಿಗಿಪೆಟ್ಟಿಗೆಯ ಮುಂದೆ ಕುಳಿತು, ಬರಿಗೈಯನ್ನು ಗಾಳಿಯಲ್ಲಿ ಎಡಕ್ಕೆ ತಿರುಗಿಸಿ, ಆಮೇಲೆ ಕುಂಕುಮ ಹಚ್ಚುತ್ತೇವೆ. ಏಕೆಂದು ನನ್ನ ವಾರಿಗೆಯ ಯಾರಿಗೂ ಗೊತ್ತಿಲ್ಲ. ಕರಪತ್ರ ಓದಿದ ಮೇಲೆ ನನಗೆ ತಿಳಿಯಿತು: ನೀವು ಆ ದಿನ ತಿರುಪು ಸಡಿಲಿಸಿ, ಪಿಸಿಯ ಮುಚ್ಚಳ ತೆಗೆದು, ಬ್ರಷ್‌ನಿಂದ ಧೂಳು ಹೊಡೆದು, ಒಳಗೇ ಕುಂಕುಮ ಇಡುತ್ತಿದ್ದಿರಿ. ನಮಗೆ ಕೈಯ ತಿರುವು ಮಾತ್ರ ಉಳಿದಿದೆ.

ನಮ್ಮ ಮನೆಯ ದೇವರ ಮಾಡದಲ್ಲಿ ಒಂದು ಹಳೆಯ ಬಿಳಿ ಕನ್ಸೋಲ್ ಇದೆ. ಅದು ನನ್ನ ಮುತ್ತಜ್ಜ ಆರುಷ್ ಮುತ್ಯಾನದು. ಅವನು ಚಿಕ್ಕವನಿದ್ದಾಗ ಅವನ ಅಕ್ಕ ಭುವನಾ ತನ್ನ ಪಿಸಿಯಲ್ಲಿದ್ದ ಒಂದು ಕಾರ್ ರೇಸಿನ ಆಟದೊಳಗೆ ತಮ್ಮ ಓಣಿಯನ್ನೇ ಬಿಡಿಸಿದ್ದಳು. ನಡುರಸ್ತೆಯಲ್ಲಿ ಹಾಲಿನವರ ಎಮ್ಮೆ ನಿಲ್ಲಿಸಿದ್ದಳು. ಕಾರು ಗುದ್ದಿದರೆ ಅವಳದೇ ದನಿ ಬರುತ್ತಿತ್ತು: “ಏ ಆರೂ, ಕಣ್ಣು ಎಲ್ಲಿಟ್ಟಿಯೋ? ಎಮ್ಮಿಗೆ ಸಾರಿ ಅನ್ನು.” ಆ ಬೈಗುಳ ಕೇಳಲೆಂದೇ ಇವನು ಮತ್ತೆ ಮತ್ತೆ ಗುದ್ದುತ್ತಿದ್ದನಂತೆ.

ಭುವನಾ ಜ್ವರ ಬಂದು ತೀರಿಕೊಂಡಳು. ಬಹಳ ಕಾಲ ಮನೆಯಲ್ಲಿ ಯಾರೂ ಆಟ ಮುಟ್ಟಲಿಲ್ಲ. ಮುಚ್ಚಳವಿಲ್ಲದ, ಧೂಳು ಹಿಡಿದ ಅವಳ ಪಿಸಿಯನ್ನು ತಾಯಿ ಗುಜರಿಗೆ ಕೊಟ್ಟಳು. ಅದೇ ರೇಸು ಬಿಳಿ ಕನ್ಸೋಲಿನಲ್ಲೂ ಇದೆಯಲ್ಲ, ಮಗಳ ದನಿಯೂ ಅದರಲ್ಲಿ ಇದ್ದೇ ಇರುತ್ತದೆ ಎಂದುಕೊಂಡಳು. ಮುಂದೊಂದು ದಿನ ಕನ್ಸೋಲನ್ನು ಚಾಲು ಮಾಡಿದಾಗ ಕಂಪನಿ ಆ ಆಟವನ್ನೇ ನಿಲ್ಲಿಸಿತ್ತು. ಎಂದಾದರೂ ಅಪ್ಪಣೆ ಬರುತ್ತದೆ, ಅಕ್ಕ ಬೈಯುತ್ತಾಳೆ ಎಂದು ಮುತ್ಯಾ ಜೀವಮಾನವಿಡೀ ಅದಕ್ಕೆ ಕುಂಕುಮ ಹಚ್ಚಿದ.

ನಿನ್ನೆ ಅವನು ನನ್ನನ್ನು ಕರೆದ. “ನೀ ದೊಡ್ಡ ಬಿಚ್ಚುಗಾರ್ತಿ ಅಲ್ಲೇನವಾ? ಬಿಚ್ಚು ಇದನ್ನ. ನನಗ ಇನ್ನ ಕಾಯೂದ ಆಗೂದಿಲ್ಲ.”

ನಾನು ಬಿಚ್ಚಲಿಲ್ಲ. ಬಿಚ್ಚಿದರೂ ಅದರಲ್ಲಿ ಏನೂ ಇಲ್ಲ ಎಂದು ಕರಪತ್ರ ಓದಿದ ನನಗೆ ಗೊತ್ತಿತ್ತು. ಕಂಪನಿ ಇಟ್ಟದ್ದನ್ನು ಬಿಟ್ಟು ಒಂದು ಎಮ್ಮೆಯನ್ನೂ ಒಂದು ದನಿಯನ್ನೂ ಆ ಪೆಟ್ಟಿಗೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಕ್ಕ ಇದ್ದದ್ದು ಗುಜರಿಗೆ ಹೋದದ್ದರಲ್ಲಿ. ಅದನ್ನೇ ಹೇಳಿದೆ. ಸುಳ್ಳು ಹೇಳಬಾರದು ಎಂದು ಸಂಘದಲ್ಲಿ ಕಲಿತಿದ್ದೆ. ಹೇಳಿದ ಮೇಲೆ ಏನು ಮಾಡಬೇಕೆಂದು ಯಾವ ಕರಪತ್ರದಲ್ಲೂ ಇರಲಿಲ್ಲ.

ಮುತ್ಯಾ ಬಿಳಿ ಪೆಟ್ಟಿಗೆಯ ಮೇಲಿನ ಹಳೆಯ ಕುಂಕುಮವನ್ನು ಬೆರಳಿನಿಂದ ಒರೆಸಿದ. “ಅಂದ್ರ ಇಷ್ಟು ವರ್ಷ ನಾ ಪೂಜಿ ಮಾಡಿದ್ದು ಬರೇ ಡಬ್ಬಿಗೇನು?” ಎಂದ. ಆಮೇಲೆ ಕುಂಕುಮದ ಬಟ್ಟಲನ್ನು ನನ್ನ ಕಡೆ ಸರಿಸಿದ. ಅವನ ಕೈ ಎಡಕ್ಕೆ ತಿರುಗಲಿಲ್ಲ.

ನಿಮ್ಮ ನಡುವೆ, ಇದೇ ಊರಿನ ಒಂದು ಓಣಿಯಲ್ಲಿ, ಚಿಕ್ಕ ಆರುಷ್‌ನ ಆ ಮನೆ ಈಗ ಇದೆ. ಮುಚ್ಚಳವಿಲ್ಲದ ಪಿಸಿ ಮೂಲೆಯಲ್ಲಿದೆ, ಪಕ್ಕದಲ್ಲಿ ಹೊಳೆಯುವ ಬಿಳಿ ಪೆಟ್ಟಿಗೆ. ಅದು ನಿಮ್ಮದೇ ಮನೆ ಇದ್ದೀತು. ಬಿಳಿಯದನ್ನು ಬಿಸಾಡಿ ಎನ್ನುವುದಿಲ್ಲ, ಆಡಿಕೊಳ್ಳಿ. ಗುಜರಿಯವನು ಬಂದಾಗ ಮಾತ್ರ ಧೂಳಿನದನ್ನು ಎತ್ತಿ ಕೊಡಬೇಡಿ. ಹುಡುಗ ಅಲ್ಲೇ ಇದ್ದರೆ ಅವನನ್ನು ಅದರ ಮುಂದೆ ಕೂರಿಸಿ, ಎಮ್ಮೆಗೆ ಇನ್ನೊಮ್ಮೆ ಗುದ್ದು ಎನ್ನಿ. ಅಕ್ಕ ಬೈಯಲಿ.

ನಿಮ್ಮ,
ಮುಗಿಲಾ